ನಡುವೆ ನಿಲ್ಲುವ ದನಿ

ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಎತ್ತೋಣವೆಂದರೆ ಐವಿಂಡನಿಗೆ ಕೈ ಖಾಲಿಯಿರಲಿಲ್ಲ. ಹದಿನೆಂಟು ಕಿಲೋ ತೂಕದ ಆಂಪ್ಲಿಫೈಯರನ್ನು ಎದೆಗೆ ಅವುಚಿಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ. ಎಪ್ಪತ್ತೊಂದು ವರ್ಷದ ಮೊಣಕಾಲು ಪ್ರತಿ ಮೆಟ್ಟಿಲಿಗೂ ತಕರಾರು ತೆಗೆಯುತ್ತಿತ್ತು. ಕೆಳಗಿಳಿದು, ಪೆಟ್ಟಿಗೆಯನ್ನು ಬಾಗಿಲ ಬಳಿಯ ಬೆಂಚಿನ ಮೇಲಿಟ್ಟು, ಉಸಿರು ಸುಧಾರಿಸಿಕೊಳ್ಳುವ ಹೊತ್ತಿಗೆ ಅತ್ತ ಕಡೆಯವರು ಸಾಕೆಂದು ಇಟ್ಟಿರಬಹುದು ಅಂದುಕೊಂಡ. ಇಟ್ಟಿರಲಿಲ್ಲ. ಅಷ್ಟು ಸುಲಭಕ್ಕೆ ಬಿಡುವ ಪೈಕಿಯಲ್ಲ ಅವಳು.

"ಹೋಗ್ತಿದೀಯಾ?" ಎಂದಳು ತಂಗಿ ಬೋಡಿಲ್.

"ಎಲ್ಲಿಗೆ?"

"ಏನೂ ಗೊತ್ತಿಲ್ಲದೋನ ಹಾಗೆ ಆಡ್ಬೇಡ. ಇವತ್ತು ನವೆಂಬರಿನ ಮೊದಲ್ನೇ ಶನಿವಾರ."

"ಹೋಗ್ದೆ ಏನ್ಮಾಡ್ಲಿ? ಪರದೆ ಹಿಂದೆ ಇಡೋ ಮೂರರಲ್ಲಿ ಈ ಸಲ ನಂದೂ ಒಂದು. ಚೀಟಿ ಎತ್ತಿದಾಗ ನನ್ನ ಹೆಸರು ಬಂತು."

"ಹಾಗಾದ್ರೆ ಅವರಿಗೆ ಹೇಳ್ಬಿಡು ಐವಿಂಡ್. ಅಷ್ಟು ಜನರ ಮುಂದೆ ಬೆಪ್ಪಾಗೋದಕ್ಕಿಂತ ನೀನಾಗೇ ಹೇಳೋದು ವಾಸಿ."

"ಏನಂತ ಹೇಳ್ಲಿ? ನನ್ನ ಕಿವಿ ಮದ್ವೆ ಮಾಡ್ಕೊಂಡು ಬೋರ್ನ್‌ಹೋಮ್ ದ್ವೀಪಕ್ಕೆ ಹೋಗಿದೆ ಅಂತ್ಲಾ?"

ತಮಾಷೆಗೆಂದು ಹೊರಟ ಮಾತು ದಾರಿಯಲ್ಲಿ ಎಲ್ಲೋ ಮುಳ್ಳು ಮೆತ್ತಿಕೊಂಡು ಹೋಗಿತ್ತು. ಅದು ಅವನಿಗೂ ಗೊತ್ತಾಯಿತು. "ನಿನ್ನ ಗಂಡನ್ನ ಕೇಳಿದೆ ಅನ್ನು. ನನಗೆ ಹೊತ್ತಾಯ್ತು," ಎಂದು ಇಟ್ಟುಬಿಟ್ಟ.

ಮೂವತ್ತು ವರ್ಷ ಅಣ್ಣ ತಂಗಿ ಒಂದೇ ಮನೆಯಲ್ಲಿದ್ದವರು. ಅವನಿಗೆ ಮದುವೆಯ ಯೋಗ ಬರಲಿಲ್ಲ, ಅವಳಿಗೆ ಬಂದದ್ದು ನಿಲ್ಲಲಿಲ್ಲ. ಇನ್ನು ಹೀಗೇ ಕಳೆದುಹೋಗುತ್ತದೆ ಎಂದು ಅವನು ಕಾಲು ಚಾಚಿ ಕೂತಿದ್ದಾಗ, ಅರವತ್ತಾರನೇ ವಯಸ್ಸಿಗೆ ಬೋಡಿಲ್ ಪ್ರವಾಸಕ್ಕೆಂದು ಹೋದವಳು ಯೋರ್ನ್ ಎಂಬ ನಿವೃತ್ತ ಹಡಗಿನ ಕಪ್ತಾನನನ್ನು ಕಂಡು ಬಂದಳು. ಜೂನಿನಲ್ಲಿ ಮದುವೆಯೂ ಆಗಿಹೋಯಿತು. ಆ ಮನುಷ್ಯನ ಮನೆಯಲ್ಲಿ ಸಂಗೀತಕ್ಕೆಂದು ಇರುವುದು ಅಡುಗೆಮನೆಯ ಒಂದು ಪುಟ್ಟ ರೇಡಿಯೋ, ಅದೂ ಹವಾಮಾನ ಕೇಳಲು. ಐವಿಂಡನಿಗೆ ತಂಗಿ ಹೋದದ್ದಕ್ಕಿಂತ ಈ ರೇಡಿಯೋದ ಸಂಗತಿ ಹೆಚ್ಚು ಸಿಟ್ಟು ತರಿಸಿತ್ತು, ಅಥವಾ ಹಾಗೆಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಅವಳು ಹೋದ ವಾರಕ್ಕೇ ಅವಳ ಕೋಣೆಯಲ್ಲಿ ಆರು ಸ್ಪೀಕರುಗಳನ್ನು ಪೇರಿಸಿಟ್ಟ. ಮುಂದಿನ ಕೋಣೆಯಲ್ಲಿದ್ದ ಅವಳ ಕುರ್ಚಿಯನ್ನು ಮಾತ್ರ ಸರಿಸಲು ಕೈ ಬರಲಿಲ್ಲ.

ಕಡಲು ನೆಲದೊಳಕ್ಕೆ ಚಾಚಿದ ಫ್ಯೋರ್ಡಿನ ದಂಡೆಯ ಆ ಊರಿನಲ್ಲಿ ಒಂದು ಕಾಲಕ್ಕೆ ಅರ್ಧಕ್ಕರ್ಧ ಜನ ರೇಡಿಯೋ ಕಾರ್ಖಾನೆಯಿಂದಲೇ ಹೊಟ್ಟೆ ಹೊರೆದವರು. ಐವಿಂಡ್ ಅಲ್ಲಿ ಮೂವತ್ತೆಂಟು ವರ್ಷ ಕೇಳುವ ಕೋಣೆಯಲ್ಲಿ ಕೂತವನು. ತಯಾರಾದ ಸ್ಪೀಕರು ಹೊರಗೆ ಹೋಗಬೇಕಾದರೆ ಮೊದಲು ಅವನ ಕಿವಿ ದಾಟಬೇಕು. ಸರಿಯಿದ್ದರೆ ಹಿಂಬದಿಯ ಹಲಗೆಗೆ ಅವನ ಮೊಹರು ಬೀಳುತ್ತಿತ್ತು: ಇಪ್ಪತ್ತೇಳು. ಸರಿಯಿಲ್ಲದಿದ್ದರೆ ಬಾಗಿಲು ತೆರೆದು ಕೂಗುತ್ತಿದ್ದ, ಇಡೀ ಜೋಡಣೆಯ ಸಾಲು ನಡುಗುತ್ತಿತ್ತು. ಕಾರ್ಖಾನೆ ಮುಚ್ಚಿ ವರ್ಷಗಳಾದರೂ ಊರಿನಲ್ಲಿ ಅವನ ಹೆಸರು 'ಕಿವಿ' ಎಂದೇ ಉಳಿದಿತ್ತು. ಬ್ರೆಡ್ ಅಂಗಡಿಯವಳೂ "ಏನು ಕಿವಿ, ಇವತ್ತು ರೈ ಬ್ರೆಡ್ಡೇನಾ?" ಎಂದು ಕೇಳುವಳು.

ಆ ಕಿವಿ ಎಂಟು ವರ್ಷದ ಹಿಂದೆಯೇ ಕೈಕೊಟ್ಟಿತ್ತು. ಒಂದು ದಿನ ಮುಂದಿನ ಕೋಣೆಯಲ್ಲಿ ಬೋಡಿಲ್ ಹೆಣಿಗೆ ಹಾಕುತ್ತ ಕೂತಿದ್ದಾಗ, "ಆ ಟಿಣ್ ಟಿಣ್ ಸ್ವಲ್ಪ ಕಮ್ಮಿ ಮಾಡೋ, ತಲೆಗೆ ಚುಚ್ಚುತ್ತೆ," ಎಂದಿದ್ದಳು.

"ಯಾವ ಟಿಣ್ ಟಿಣ್?" ಎಂದಿದ್ದ ಅವನು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡಿದ್ದರು. ತಿರುಗುತ್ತಿದ್ದದ್ದು ಅವನು ನೂರಾರು ಸಲ ಕೇಳಿದ ಗ್ರಾಮಫೋನ್ ತಟ್ಟೆ. ಒಬ್ಬಳು ಹಾಡುತ್ತಾಳೆ, ಜೊತೆಗೊಂದು ಗಿಟಾರು, ಮೂರನೇ ಸಾಲಿನಲ್ಲಿ ಯಾರೋ ಉಕ್ಕಿನ ಮುಕ್ಕೋನ ಬಳೆಯನ್ನು ಸಣ್ಣ ಕಡ್ಡಿಯಿಂದ ತಟ್ಟುತ್ತಾರೆ. ಆ ತಟ್ಟು ಅವನ ಪಾಲಿಗೆ ಇಲ್ಲವಾಗಿತ್ತು. ವೈದ್ಯರು ವಯಸ್ಸು ಎಂದರು; ಮಾತು ಕೇಳುತ್ತದೆ, ಮೇಲಿನ ಸ್ವರಗಳು ಮಾತ್ರ ಹೋಗಿವೆ ಎಂದರು. ಕಿವಿಗೆ ಹಾಕುವ ಯಂತ್ರ ತಂದ. ಅದರಲ್ಲಿ ಬೋಡಿಲಳ ಬೈಗುಳ ಚೆನ್ನಾಗಿ ಕೇಳಿಸಿತು, ಸಂಗೀತ ತಗಡು ಬಡಿದ ಹಾಗಾಯಿತು. ಯಂತ್ರ ಮೇಜಿನ ಖಾನೆ ಸೇರಿತು. ಸಂಬಳ ಎಣಿಸಿಕೊಂಡು ಬದುಕಿದಷ್ಟು ಕಾಲ ಕೈಗೆಟುಕದಿದ್ದ ಆಂಪ್ಲಿಫೈಯರುಗಳು ಈಗ ಮನೆಯಲ್ಲಿ ಹನ್ನೊಂದಿದ್ದವು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ.

ಹಳೇ ಆಂಪ್ಲಿಫೈಯರು ಸ್ಪೀಕರುಗಳ ಹುಚ್ಚು ಹಿಡಿದ ಊರಿನ ಹತ್ತು ಜನ ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ವರ್ಷಕ್ಕೊಮ್ಮೆ ಸಮುದಾಯ ಭವನದಲ್ಲಿ ಪರದೆಯ ಆಟ. ಹಾಸಿಗೆಯ ಬಿಳಿ ಹೊದಿಕೆಯೊಂದನ್ನು ಅಡ್ಡ ಕಟ್ಟಿ ಅದರ ಹಿಂದೆ ಮೂರು ಆಂಪ್ಲಿಫೈಯರು ಇಡುವುದು, ಒಂದೇ ಜೊತೆ ಸ್ಪೀಕರಿಗೆ ಸರದಿಯಂತೆ ಮೂರನ್ನೂ ತಗಲಿಸಿ ಪ್ರತಿ ಸಲವೂ ಆ ಬಳೆಯ ತಟ್ಟಿನ ಹಾಡನ್ನೇ ನುಡಿಸುವುದು. ಯಾವುದು ಯಾರದೆಂದು ಎಲ್ಲರೂ ಚೀಟಿಯಲ್ಲಿ ಬರೆಯಬೇಕು. ಗೆದ್ದವನಿಗೆ ಮರದ ತುಂಡಿನ ಮೇಲೆ ಕೂರಿಸಿದ, ಸುಟ್ಟುಹೋದ ಒಂದು ವಾಲ್ವು, ಹಳೇ ಆಂಪ್ಲಿಫೈಯರಿನೊಳಗಿನ ಗಾಜಿನ ಬುರುಡೆ. ಬೇರೆಯವರ ಕಣ್ಣಿಗೆ ಕಸ, ಇವರ ಪಾಲಿಗೆ ಕಿರೀಟ. ಹನ್ನೊಂದು ವರ್ಷದಲ್ಲಿ ಒಂಬತ್ತು ಸಲ ಅದು ಐವಿಂಡನ ಮನೆಗೇ ಬಂದಿತ್ತು. ಅದರಲ್ಲಿ ಕೊನೆಯ ಏಳು ಬೋಡಿಲಳ ಸಂಪಾದನೆ ಎಂಬುದು ಆ ಇಬ್ಬರಿಗೆ ಮಾತ್ರ ಗೊತ್ತಿದ್ದ ಗುಟ್ಟು.

ಅವಳು ಅವನ ಎಡಕ್ಕೆ ಕೂತು ಹೆಣಿಗೆ ಹಾಕುವಳು. ಬಳೆಯ ತಟ್ಟು ಹರಿತವಾಗಿ ಬಂದರೆ ಹೆಣಿಗೆಯ ಕಡ್ಡಿಯಿಂದ ಅವನ ಮೊಣಕೈಗೆ ಒಂದು ಸಲ ತಿವಿಯುವಳು, ಮೆತ್ತಗಿದ್ದರೆ ಎರಡು ಸಲ, ನಡುವಿನದಾದರೆ ಸುಮ್ಮನಿರುವಳು. ಯಾವ ಪೆಟ್ಟಿಗೆ ಹೇಗೆ ನುಡಿಯುತ್ತದೆ ಎಂಬುದೆಲ್ಲ ಅವನ ತಲೆಯಲ್ಲಿತ್ತು. ಅವಳ ಕಿವಿ, ಅವನ ನೆನಪು. ಮೋಸವೆಂದರೆ ಮೋಸವೇ. ಆದರೆ ಆ ಕಡ್ಡಿಯ ತಿವಿತಕ್ಕೆ ಕಾಯುತ್ತ ಕೂರುವಷ್ಟು ಸುಖ ಅವನಿಗೆ ಮೊದಲೆರಡು ಸಲ ತಾನೇ ಗೆದ್ದಾಗಲೂ ಸಿಕ್ಕಿರಲಿಲ್ಲ.

ಈಗ ಆ ಸುಖ ಕುತ್ತಿಗೆಗೆ ಬಂದಿತ್ತು. ಶನಿವಾರದ ಈ ಗೆಳೆಯರನ್ನು ಬಿಟ್ಟರೆ ಅವನಿಗೆ ಬಾಯಿಬಿಟ್ಟು ಮಾತಾಡುವವರು ಇರಲಿಲ್ಲ. ಅವರು ಅವನನ್ನು ಕರೆಯುತ್ತಿದ್ದದ್ದು ಕಿವಿಗಾಗಿ. ಅದು ಸುಳ್ಳೆಂದು ಗೊತ್ತಾದ ಮೇಲೆ ಯಾವ ಮುಖ ಹೊತ್ತು ಹೋಗುವುದು?

ಅವನ ಆಂಪ್ಲಿಫೈಯರನ್ನು ಸಮುದಾಯ ಭವನದ ಬಾಗಿಲಲ್ಲೇ ಇಸಿದುಕೊಂಡು ಪರದೆಯ ಹಿಂದಕ್ಕೆ ಒಯ್ದವನು ಹೋಲ್ಗರ್. ಟೆಲಿಫೋನ್ ಇಲಾಖೆಯಲ್ಲಿ ಕಂಬ ಹತ್ತಿ ತಂತಿ ಎಳೆದು ನಿವೃತ್ತನಾದ ಶಿಸ್ತಿನ ಮನುಷ್ಯ. ಪ್ರತಿ ವರ್ಷ ಪರದೆಯ ಹಿಂದಿನ ಕೆಲಸ ಅವನದೇ. ಪ್ರತಿ ತಂತಿಗೂ ಚೀಟಿ ಕಟ್ಟುವನು, ಇನ್ನೊಬ್ಬರು ಮುಟ್ಟಿದರೆ ಸಿಡುಕುವನು. ಐವಿಂಡ್ ಕೋಟು ಕಳಚುವಷ್ಟರಲ್ಲಿ ದನಗಳ ಡಾಕ್ಟರ್ ಲೌಗೆ ಅವನ ಕೈಯಲ್ಲಿದ್ದ ತಗಡಿನ ಡಬ್ಬಿಯನ್ನು ನೋಡಿ ಮುಖ ಕಿವುಚಿದ.

"ಅಂಗಡಿ ಬಿಸ್ಕತ್ತಾ? ಬೋಡಿಲ್ ಪದರದ ಕೇಕಿಗೆ ಅಂತ ನಾನು ಬೆಳಿಗ್ಗೆಯಿಂದ ಹೊಟ್ಟೆ ಖಾಲಿ ಇಟ್ಕೊಂಡಿದೀನಿ ಮಾರಾಯ."

"ಕೇಕು ಬೇಕಾದ್ರೆ ಹಡಗು ಹತ್ತು. ರಾತ್ರಿಯೊಳಗೆ ಸಿಗುತ್ತೆ."

"ಇವನು ಕೊಟ್ಟ ಕಾಟಕ್ಕೇ ಅವಳು ಸಮುದ್ರ ದಾಟಿ ಓಡಿದ್ದು," ಎಂದ ಲೌಗೆ. ಎಲ್ಲರೂ ನಕ್ಕರು. ಐವಿಂಡನೂ ನಕ್ಕ. ಎಡಗಡೆಯ ಕುರ್ಚಿಯ ಮೇಲೆ ಯಾರೂ ಕೂರದಿರಲಿ ಎಂದು ತನ್ನ ಕೋಟು ಹಾಕಿದ.

ಎದುರಿಗಿದ್ದ ಜೋಡಿ ಸ್ಪೀಕರು ಸಂಘದ ಆಸ್ತಿ. ಸಾಗುವಾನಿ ಪೆಟ್ಟಿಗೆ, ಊರಿನ ಕಾರ್ಖಾನೆಯದೇ. ಅವುಗಳ ಬೆನ್ನಿಗೆ ಇಪ್ಪತ್ತೇಳರ ಮೊಹರಿತ್ತು. ಪರದೆಯ ಹಿಂದೆ ಈ ಸಲ ಅವನದರ ಜೊತೆಗೆ ಲೌಗೆಯ ವಾಲ್ವಿನ ಆಂಪ್ಲಿಫೈಯರು, ಹೋಲ್ಗರನದೊಂದು.

ಮೊದಲ ಸುತ್ತು ಶುರುವಾಯಿತು. ಹಾಡುವವಳು ಎರಡು ಸ್ಪೀಕರುಗಳ ನಡುವೆ, ಹೊದಿಕೆಯ ಮುಂದೆ, ಎದ್ದು ಬಂದು ನಿಂತ ಹಾಗೆ ನಿಂತಳು. ಮೂರನೇ ಸಾಲು ಬಂತು, ಹೋಯಿತು. ಬಳೆಯ ತಟ್ಟಿನ ಜಾಗದಲ್ಲಿ ಅವನಿಗೆ ಏನೂ ಇರಲಿಲ್ಲ. ಎಡ ಮೊಣಕೈ ತಾನಾಗಿಯೇ ಕೋಟಿನ ಕಡೆ ವಾಲಿತ್ತು. ಕೋಟು ಏನು ತಿವಿಯುತ್ತದೆ? ಚೀಟಿಯ ಮೇಲೆ ಕಣ್ಣುಮುಚ್ಚಿ ಬರೆದ: ಒಂದು, ಲೌಗೆಯದು. ಎರಡನೇ ಸುತ್ತಿಗೂ ಅಷ್ಟೇ. ಹೋಲ್ಗರನದು ಎಂದು ಗೀಚಿದ. ಉಳಿದದ್ದು ತನ್ನದೇ ಆಗಬೇಕು ತಾನೆ. ಮೂರು ಚಳಿಗಾಲ ಕೂತು ಒಂದೊಂದು ಬೆಸುಗೆ ಬಿಡಿಸಿ ತಾನೇ ರಿಪೇರಿ ಮಾಡಿದ ಪೆಟ್ಟಿಗೆಯನ್ನು ತಾನು ಗುರುತು ಹಿಡಿಯುತ್ತಿರುವುದು ಹೀಗೆ, ಲೆಕ್ಕದಲ್ಲಿ ಉಳಿದದ್ದು ಎಂದು. ಅವನಿಗೆ ನಾಚಿಕೆಯಾಯಿತು.

ಮೂರನೇ ಸುತ್ತು. ಎರಡು ಸಾಲು ಮುಗಿಯುವಷ್ಟರಲ್ಲಿ ಕುರ್ಚಿಗಳು ಕಿರುಗುಟ್ಟಿದವು, ಜನ ಮುಂದಕ್ಕೆ ಬಾಗಿದರು.

"ಅಬ್ಬಬ್ಬಾ, ಗೋಡೇನೇ ಇಲ್ವಲ್ರೋ!" ಎಂದು ಲೌಗೆ ಪಿಸುಗುಟ್ಟಿದ. "ಎಷ್ಟು ಅಗಲ ಹರಡ್ಕೊಂಡಿದೆ ನೋಡಿ. ವಾಲ್ವು ಅಂದ್ರೆ ಇದು. ಇದು ನಂದೇ, ಅನುಮಾನಾನೇ ಇಲ್ಲ."

ಹೌದು ಹೌದು ಎಂದು ತಲೆಗಳು ಆಡಿದವು. ಪೆನ್ನುಗಳು ಚೀಟಿಯ ಮೇಲೆ ಓಡಿದವು.

ಐವಿಂಡ್ ಮಾತ್ರ ಹಿಂದಕ್ಕೆ ಸರಿದು ಕೂತ. ಗಿಟಾರಿನ ಹೊಟ್ಟೆಯಲ್ಲಿ ತೂಕವಿರಲಿಲ್ಲ. ದನಿ ಎಲ್ಲ ಕಡೆಯಿಂದಲೂ ಬರುತ್ತಿತ್ತು, ಎಲ್ಲೂ ಇರಲಿಲ್ಲ. ಎರಡು ಸ್ಪೀಕರುಗಳ ನಡುವೆ, ಈಗಷ್ಟೇ ಅವಳು ನಿಂತಿದ್ದ ಜಾಗದಲ್ಲಿ, ಯಾರೂ ಇಲ್ಲ. ಕೇಳುವ ಕೋಣೆಯಲ್ಲಿ ಇದು ವಾರಕ್ಕೆರಡು ಸಲ ಆಗುತ್ತಿದ್ದದ್ದು. ಒಂದು ಕಡೆಯ ಕೆಂಪು ತಂತಿ ಕಪ್ಪಿನ ಜಾಗಕ್ಕೆ ಹೋದರೆ, ಒಂದು ಸ್ಪೀಕರು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ನಡುವೆ ನಿಲ್ಲಬೇಕಾದ ದನಿ ಚೆದುರಿಹೋಗುತ್ತದೆ. ಆಗೆಲ್ಲ ಅವನು ಬಾಗಿಲು ತೆರೆದು, "ನಡುವೆ ಯಾರೂ ಇಲ್ಲ!" ಎಂದು ಕೂಗುತ್ತಿದ್ದ.

ಈಗ ಕೂಗುವ ಧೈರ್ಯ ಬರಲಿಲ್ಲ. ಎಂಟು ಜನ ಮೆಚ್ಚಿ ತಲೆದೂಗುತ್ತಿದ್ದಾರೆ. ಎಂಟು ಜನಕ್ಕೆ ಕೇಳುತ್ತಿರುವ ಸುಖ ತನಗೆ ಕೇಳುತ್ತಿಲ್ಲವೆಂದರೆ ಕೆಟ್ಟಿರುವುದು ಯಾವುದು? ಬಳೆ ಹೋಗಿತ್ತು, ಈಗ ಹಾಡುವವಳೂ ಹೋದಳೋ? ಮನೆಯಲ್ಲಿ ಜೂನಿನಿಂದ ಹೀಗೇ ಅಲ್ಲವೇ, ಎಲ್ಲ ಪೆಟ್ಟಿಗೆಗಳೂ ಇದ್ದಲ್ಲೇ ಇವೆ, ನಡುವೆ ಯಾರೂ ಇಲ್ಲ. ಅವನಿಗೆ ನಿಜವಾಗಿ ಭಯವಾಯಿತು. ಕಣ್ಣುಮುಚ್ಚಿ ಇನ್ನೊಂದು ಸಾಲು ಕೇಳಿದ. ಇಲ್ಲ. ಬೇರೆ ಯಾವುದರಲ್ಲಿ ತಪ್ಪಿದರೂ ಇದರಲ್ಲಿ ತಪ್ಪಲಾರೆ ಅನ್ನಿಸಿತು. ಅನ್ನಿಸಿದ್ದೇ ತಡ ಎದ್ದು ನಿಂತಿದ್ದ.

"ನಿಲ್ಸು ಹೋಲ್ಗರ್. ಹಾಡೋಳು ಅಲ್ಲಿಲ್ಲ."

"ಕಾಫಿ ಕುಡಿಯೋಕೆ ಹೋಗಿರ್ಬೇಕು," ಎಂದ ಲೌಗೆ.

"ಒಂದು ಕಡೆ ತಂತಿ ತಿರುಗುಮುರುಗಾಗಿದೆ. ಕೆಂಪು ಕಪ್ಪಿಗೆ ಹೋಗಿದೆ."

ಹಾಡು ನಿಂತಿತು. ಪರದೆಯ ಹಿಂದಿನಿಂದ ಹೋಲ್ಗರನ ದನಿ ಬಂತು: "ಸಾಧ್ಯಾನೇ ಇಲ್ಲ. ಆರು ಸಲ ನೋಡಿದೀನಿ."

"ಏಳನೇ ಸಲ ನೋಡು."

ಲೌಗೆ ಎದ್ದು ಹೋಗಿ ಹೊದಿಕೆಯನ್ನು ಒಂದೇ ಎಳೆತಕ್ಕೆ ಸರಿಸಿದ. ಹೋಲ್ಗರ್ ನೆಲಕ್ಕೆ ಮಂಡಿಯೂರಿ ಕೂತಿದ್ದ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ತಂತಿ. ಆ ತಂತಿಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಹೊರಳಿಸಿ ಹೊರಳಿಸಿ ನೋಡುತ್ತಿದ್ದ. ಅವನ ಮುಂದಿದ್ದದ್ದು ಐವಿಂಡನದೇ ಆಂಪ್ಲಿಫೈಯರು.

"ಇಲ್ಲಿಂದ್ಲೇ ಕಾಣುತ್ತಲ್ಲೋ! ಕೆಂಪು ಕಪ್ಪಲ್ಲಿ ಕೂತಿದೆ," ಎಂದು ಲೌಗೆ ಕೂಗಿದ. "ಕಣ್ಣು ಎಲ್ಲಿಟ್ಟಿದ್ದೆ? ಊರಿನ ಫೋನೆಲ್ಲ ಇವನೇ ಜೋಡಿಸಿದ್ದು ಕಣ್ರಪ್ಪ. ಅದಕ್ಕೇ ನನ್ನ ಹೆಂಡತಿ ಮಾಡಿದ ಫೋನು ಇನ್ನೊಬ್ಬನ ಮನೆಗೆ ಹೋಗ್ತಿತ್ತು!"

ಭವನವೆಲ್ಲ ಗೊಳ್ಳೆಂದಿತು. ಹೋಲ್ಗರನೂ ನಕ್ಕ. ನಗುತ್ತಲೇ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ, ಮತ್ತೆ ಸುತ್ತಿಕೊಂಡ. ಆ ನಗು ಐವಿಂಡನಿಗೆ ಹೊಸದಲ್ಲ. ಎಂಟು ವರ್ಷದಿಂದ ಅವನೂ ಅದನ್ನೇ ನಗುತ್ತಿದ್ದ.

ಚೀಟಿಗಳನ್ನು ಬಿಚ್ಚಿದರು. ಎಂಟು ಜನರೂ ಮೂರನೆಯದನ್ನು ಲೌಗೆಯ ವಾಲ್ವು ಎಂದು ಬರೆದಿದ್ದರು. ಮೂರನ್ನೂ ಸರಿ ಬರೆದವನು ಐವಿಂಡ್ ಒಬ್ಬನೇ. ಅದೃಷ್ಟಕ್ಕೆ ಕಣ್ಣಿಲ್ಲವೆನ್ನುತ್ತಾರೆ, ಅವತ್ತು ಅದಕ್ಕೆ ಕಿವಿಯೂ ಇರಲಿಲ್ಲ. ಚಪ್ಪಾಳೆ ಬಿತ್ತು. "ಕಿವಿ! ಕಿವಿ!" ಎಂದು ಮೇಜು ಗುದ್ದಿದರು. ಬರುವಾಗ ಐವಿಂಡ್ ಬಟ್ಟೆಯಲ್ಲಿ ಸುತ್ತಿ ತಂದು ಒಪ್ಪಿಸಿದ್ದ ವಾಲ್ವನ್ನು ಲೌಗೆ ಮತ್ತೆ ಅವನ ಕೈಗೆ ಹಾಕಿದ.

ಐವಿಂಡ್ ಅದನ್ನು ಹಿಡಿದುಕೊಂಡು ಹೋಲ್ಗರನ ಕಡೆ ನೋಡಿದ. ಅವನು ಇನ್ನೂ ಪರದೆಯ ಬಳಿಯೇ ಒಬ್ಬನೇ ನಿಂತು ತಂತಿ ಸುತ್ತುತ್ತಿದ್ದ.

"ಒಂದು ಮಾತು ಹೇಳ್ಬೇಕು," ಎಂದ ಐವಿಂಡ್. ಸದ್ದಡಗಿತು. "ನನಗೆ ಎಂಟು ವರ್ಷದಿಂದ ಮೇಲಿನ ಸ್ವರ ಕೇಳಲ್ಲ. ಆ ಬಳೆ ಸದ್ದು ಒಂಚೂರೂ ಕೇಳಲ್ಲ. ಇಷ್ಟು ದಿನ ಗೆದ್ದಿದ್ದು ನಾನಲ್ಲ. ಬೋಡಿಲ್. ಪಕ್ಕದಲ್ಲಿ ಕೂತು ಹೆಣಿಗೆ ಕಡ್ಡಿಯಿಂದ ತಿವೀತಿದ್ಲು. ಇವತ್ತಿನ ಚೀಟೀಲಿ ಬರೆದಿದ್ದೂ ಸುಮ್ನೆ ಬಾಯಿಗೆ ಬಂದದ್ದು."

ಲೌಗೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ.

"ಎಂಟು ಜನಕ್ಕೆ ಕೇಳದ ತಪ್ಪು ಇವನೊಬ್ಬನಿಗೆ ಕೇಳುತ್ತೆ, ಆಮೇಲೆ ಎದ್ದು ನಿಂತು ನಾನು ಕಿವುಡ ಅಂತಾನೆ! ನಮ್ಮನ್ನ ಅಣಕಿಸೋಕೆ ಇದಕ್ಕಿಂತ ಒಳ್ಳೇ ದಾರಿ ಸಿಗ್ಲಿಲ್ವೇನೋ?"

"ತಮಾಷೆ ಅಲ್ಲ ಲೌಗೆ."

"ಮುಖ ಹೇಗಿಟ್ಟುಕೊಂಡಿದಾನೆ ನೋಡ್ರಪ್ಪ! ಬೋಡಿಲ್ ಅಂತೆ, ಕಡ್ಡಿ ಅಂತೆ! ಅವಳು ನಮ್ಮ ಹಾಡು ಶುರುವಾದ್ರೆ ತೂಕಡಿಸ್ತಿದ್ಲು."

ಎಲ್ಲರೂ ಸೇರಿ ನಕ್ಕರು. ಯಾರೋ ಅವನ ಬೆನ್ನು ತಟ್ಟಿದರು, ಇನ್ನಾರೋ ಬಟ್ಟಲಿಗೆ ಕಾಫಿ ಸುರಿದರು. ಹೇಳಬೇಕಾದಾಗ ಹೇಳಲಿಲ್ಲ, ಹೇಳಿದಾಗ ನಂಬುವವರಿಲ್ಲ. ಅವನ ಕುರ್ಚಿ ಅವನಿಗೇ ಉಳಿಯಿತು. ಆ ಕುರ್ಚಿಯ ಮೇಲೆ ಕೂತು ಅಂಗಡಿ ಬಿಸ್ಕತ್ತು ತಿನ್ನುತ್ತ, ಈ ಒಂಬತ್ತು ಜನರಲ್ಲಿ ತನ್ನನ್ನು ಬಲ್ಲವರು ಒಬ್ಬರೂ ಇಲ್ಲವಲ್ಲ ಎಂದು ಅವನಿಗೆ ದುಃಖವಾಯಿತು.

ನಾಲ್ಕು ಗಂಟೆಗೆಲ್ಲ ಬೆಳಕು ಇಳಿಯತೊಡಗಿತು. ಆಂಪ್ಲಿಫೈಯರನ್ನು ಕಾರಿನ ಹಿಂದಿನ ಸೀಟಿನಲ್ಲಿಡಲು ಹೋಲ್ಗರ್ ಕೈಕೊಟ್ಟ. ಬಾಗಿಲು ಹಾಕಿದ ಮೇಲೂ ಹೋಗಲಿಲ್ಲ.

"ನೀನು ಹೇಳಿದ್ದು ನಿಜ ಅಲ್ವಾ?" ಎಂದ.

"ನಿಜ."

ಹೋಲ್ಗರ್ ಫ್ಯೋರ್ಡಿನ ಕಡೆ ನೋಡಿದ. "ಮುಂದಿನ ವರ್ಷ ಪರದೆ ಹಿಂದೆ ಬೇರೆ ಯಾರನ್ನಾದ್ರೂ ಹಾಕಿ. ನನಗೆ ಬೆನ್ನು ನೋವು ಅಂತ ಹೇಳ್ತೀನಿ."

"ಬೆನ್ನು ನೋವಾ?"

"ಬೆನ್ನೇ," ಎಂದ ಹೋಲ್ಗರ್. ಸೈಕಲ್ಲಿನ ಹಿಡಿಕೆ ಹಿಡಿದುಕೊಂಡು, ಹತ್ತದೆ, ರಸ್ತೆಯ ಅಂಚನ್ನೇ ಹಿಡಿದು ತಳ್ಳಿಕೊಂಡು ಹೋದ. ಐವಿಂಡ್ ಕರೆದು ಕಾರು ಹತ್ತಿಸಿಕೊಳ್ಳಬಹುದಿತ್ತು. ಹೋಲ್ಗರ್ ಒಪ್ಪುವುದಿಲ್ಲವೆಂದು ಗೊತ್ತಿತ್ತು. ತಾನೂ ಒಪ್ಪುತ್ತಿರಲಿಲ್ಲ.

ಮನೆಗೆ ಬಂದವನು ಕೋಟು ಕೂಡ ತೆಗೆಯದೆ ಆಂಪ್ಲಿಫೈಯರನ್ನು ಮುಂದಿನ ಕೋಣೆಯಲ್ಲಿಟ್ಟು ತಂತಿ ಜೋಡಿಸಿದ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಅದೇ ತಟ್ಟೆ ಹಾಕಿದ. ಹಾಡುವವಳು ಬಂದು ನಡುವೆ ನಿಂತಳು. ಪೂರ್ತಿ ಕೇಳಲಿಲ್ಲ, ಮುಳ್ಳನ್ನು ಎತ್ತಿಟ್ಟು ಫೋನಿನ ಬಳಿ ಹೋದ.

"ಗೆದ್ದೆ," ಎಂದ ಬೋಡಿಲಳಿಗೆ.

"ಗೆದ್ಯಾ? ಹೇಗೋ?"

ಹೇಗೆಂದು ಹೇಳಿದ. ತಾನು ಎದ್ದು ನಿಂತು ಒಪ್ಪಿಕೊಂಡದ್ದನ್ನೂ, ಅವರು ನಕ್ಕದ್ದನ್ನೂ ಹೇಳಿದ. ಬೋಡಿಲ್ ನಗಲಿಲ್ಲ.

"ಬೆಳಿಗ್ಗೆ ಹಾಗಂದಿದ್ದು ತಪ್ಪಾಯ್ತು ಕಣೇ," ಎಂದ ಕೊನೆಗೆ. "ಇರು. ಒಂದು ಹಾಡು ಕೇಳು. ಇಡ್ಬೇಡ."

ಫೋನಿನ ಉದ್ದನೆಯ ತಂತಿಯನ್ನು ಎಳೆದು ತಂದು ರಿಸೀವರನ್ನು ಅವಳ ಕುರ್ಚಿಯ ಮೇಲೆ, ಸ್ಪೀಕರುಗಳಿಗೆ ಮುಖ ಮಾಡಿ ಇಟ್ಟ. ಮುಳ್ಳನ್ನು ಇಳಿಸಿದ. ಹಾಡು ಮುಗಿಯುವವರೆಗೂ ಅವನು ರಿಸೀವರನ್ನೇ ನೋಡುತ್ತ ನಿಂತಿದ್ದ.

"ಹೇಗಿತ್ತು?"

"ಇದು ಯಾವ ಪೆಟ್ಟಿಗೇಲಿ ಹಾಕಿದೀಯ?" ಎಂದಳು ಬೋಡಿಲ್. "ಎಲ್ಲೋ ಕೆಟ್ಟಿದೆ ನೋಡು. ಕಂಬಳಿ ಹೊದ್ಕೊಂಡು ಹಾಡಿದ ಹಾಗಿದೆ. ಆ ಟಿಣ್ ಟಿಣ್ ಒಂದೂ ಕೇಳ್ಲಿಲ್ಲ ನನಗೆ."

"ಪೆಟ್ಟಿಗೆ ಕೆಟ್ಟಿಲ್ಲ. ಫೋನಲ್ಲಿ ಮೇಲಿನ ಸ್ವರ ದಾಟಲ್ಲ, ಹೋಲ್ಗರ್ ಯಾವಾಗ್ಲೋ ಹೇಳಿದ್ದ," ಎಂದ ಐವಿಂಡ್. "ನನಗೆ ದಿನಾ ಕೇಳೋದು ಹೀಗೇ ಕಣೇ."

ಅತ್ತ ಕಡೆ ಸದ್ದಿರಲಿಲ್ಲ. ಅವಳು ಹೆಣಿಗೆ ಹಾಕುತ್ತಿರಬಹುದು, ಇಲ್ಲದಿರಲೂಬಹುದು. ಆ ಕಡ್ಡಿಗಳು ಒಂದಕ್ಕೊಂದು ತಾಗುವ ಸದ್ದು ಅವನಿಗೆ ಕೇಳಿ ಎಷ್ಟೋ ವರ್ಷಗಳಾಗಿದ್ದವು.

"ಇನ್ನೊಂದ್ಸಲ ಹಾಕೋ," ಎಂದಳು ಬೋಡಿಲ್.

ಅವನು ರಿಸೀವರನ್ನು ಮತ್ತೆ ಅವಳ ಕುರ್ಚಿಯ ಮೇಲಿಟ್ಟ. ಮುಳ್ಳನ್ನು ತಟ್ಟೆಯ ಅಂಚಿಗೆ ಇಳಿಸಿ, ತನ್ನ ಕುರ್ಚಿಯನ್ನು ಅದರ ಬಲಕ್ಕೆ ಎಳೆದುಕೊಂಡು ಕೂತ. ಹಾಡುವವಳು ನಡುವೆ ಬಂದು ನಿಂತಳು. ಮೂರನೇ ಸಾಲು ಹತ್ತಿರವಾದಾಗ ಐವಿಂಡ್ ಕಣ್ಣುಮುಚ್ಚಿ, ಎಡ ಮೊಣಕೈಯನ್ನು ಮೆಲ್ಲಗೆ ಅವಳ ಕುರ್ಚಿಯ ಕಡೆಗೆ ಸರಿಸಿದ.